ಅಮ್ಮಾಜಮ್ಮನ ಪುಲ್ಲ

ಬೂದಿಕೋಟೆ ಕಡೆಯ ಗಾಳಿಯ ಬಗ್ಗೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳಿಬಿಡುತ್ತೇನೆ. ಕಾರ್ತೀಕ ಕಳೆದ ಮೇಲೆ ಅದು ಬೀಸತೊಡಗಿದರೆ, ಬಂಗಾರಪೇಟೆಯಲ್ಲಿ ಒಣಹಾಕಿದ ಪಂಚೆಯನ್ನು ಕಾಮಸಮುದ್ರದಲ್ಲಿ ಮಡಿಚಿಕೊಳ್ಳಬಹುದು. ಅಂಥ ಗಾಳಿಯಲ್ಲಿ, ಬಟ್ಟಬಯಲಲ್ಲಿ, ಒಂದು ಕಬ್ಬಿಣದ ಬಕೆಟ್ಟಿನೊಳಗೆ ಬೆಂಕಿ ಇಟ್ಟು ಇಪ್ಪತ್ತು ಜನಕ್ಕೆ ಮುದ್ದೆ ಬೇಯಿಸುವವಳು ಅಮ್ಮಾಜಮ್ಮ.

ಆಯಮ್ಮನ ಮಂಡಿ ಸವೆದು ನಾಲ್ಕು ವರ್ಷವಾಯಿತು. ಬಗ್ಗಿ ರಾಗಿ ಕೊಯ್ಯಲಾರಳು. ಕೊಯ್ಲಿನವರಿಗೆ ಅಡುಗೆ ಮಾಡಿದರಷ್ಟೇ ಕೂಲಿ. ಒಲೆ ಮಾಡಿಕೊಟ್ಟವನು ಊರಿಗಾಂನ ಪೆರುಮಾಳ್, ವೆಲ್ಡಿಂಗ್ ಬಿಟ್ಟು ಈಗ ಹಸು ಸಾಕಿಕೊಂಡಿರುವ ಆಸಾಮಿ. ಬಕೆಟ್ಟಿನ ತಳದ ಹತ್ತಿರ ಒಂದು ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಕಂಬಿ. ಆ ಬಾಯಿಗೆ ಹೆಬ್ಬೆರಳಿಗಿಂತ ದಪ್ಪದ ಕಡ್ಡಿ ಹೋಗದು. ಎಲ್ಲಿ ಕೊಯ್ಲೋ ಅಲ್ಲಿಗೆ ಹಿಡಿ ಹಿಡಿದು ತೂಗಾಡಿಸಿಕೊಂಡು ನಡೆದುಬಿಡುವಳು. ಆಯಮ್ಮ ಊದಿದರೆ ಚಿನ್ನದ ಗಣಿಯ ಸಯನೈಡ್ ದಿಬ್ಬದ ದೂಳೂ ಹತ್ತಿ ಉರಿದೀತು ಎಂದರೆ ಯಾರೂ ನಂಬುವುದಿಲ್ಲ. ನಂಬಬೇಡಿ. ಮುಂದಿನದನ್ನು ಮಾತ್ರ ನಂಬಿ.

ಈ ಸಲ ಕೋದಂಡಪ್ಪನ ಹೊಲದಲ್ಲಿ ಕೊಯ್ಲು. ಅವನ ಮಗ ನರೇಶ್ ತಕರಾರು ತೆಗೆದ.

“ಈ ಹೊಗೆ, ಈ ಕಡ್ಡಿ ಎಲ್ಲಾ ಯಾಕಪ್ಪಾ? ಬಂಗಾರಪೇಟೆಯಿಂದ ವ್ಯಾನಲ್ಲಿ ಊಟ ಬತ್ತದೆ. ಸರಿಯಾಗಿ ಒಂದು ಗಂಟೆಗೆ.”

“ಇವತ್ತೊಂದಿನ ನೋಡಾನ. ಒಂದು ಗಂಟೆಗೆ ಎಲೆ ಮೇಲೆ ಮುದ್ದೆ ಬಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ವ್ಯಾನು,” ಎಂದ ಕೋದಂಡಪ್ಪ.

ಒಲೆಯ ಬಾಯನ್ನು ಗಾಳಿಗೆ ಓರೆಯಾಗಿ ತಿರುಗಿಸುತ್ತಾ ಅಮ್ಮಾಜಮ್ಮ, “ನಿನ್ ವ್ಯಾನಿಗೆ ಅವರೆಕಾಳು ಸಾರು ಕಾಯ್ಸಕ್ಕೆ ಬತ್ತದಾ ನರೇಸಪ್ಪಾ?” ಎಂದಳು, ಅಷ್ಟೇ.

ಸಾರು ಇಳಿಯಿತು. ಮುದ್ದೆಗೆ ಎಸರೂ ಇಟ್ಟಾಯಿತು. ಅಷ್ಟರಲ್ಲಿ, ಮೊದಲೇ ಕೊಯ್ದು ಬಡಿದಿದ್ದ ರಾಗಿಯ ಹುಲ್ಲು ತುಂಬಿಕೊಂಡು ಹೋಗಲು ಪೆರುಮಾಳ್ ಐದು ಆಳುಗಳೊಂದಿಗೆ ಟೆಂಪೊದಲ್ಲಿ ಬಂದಿಳಿದ. ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸುವುದು ನಮ್ಮ ಕಡೆ ಇಲ್ಲ. ಆಯಮ್ಮ ಎಸರಿಗೆ ಇನ್ನಷ್ಟು ನೀರು ಸುರಿದಳು. ಇನ್ನಷ್ಟು ನೀರೆಂದರೆ ಇನ್ನಷ್ಟು ಹೊತ್ತು, ಇನ್ನಷ್ಟು ಕಡ್ಡಿ. ಕುದಿ ಬಂದು ಹಿಟ್ಟು ಸುರಿದು ನೋಡುತ್ತಾಳೆ, ಕಡ್ಡಿಯ ಕಟ್ಟು ಖಾಲಿ! ಆ ಗಳಿಗೆಯಲ್ಲಿ ಉರಿ ಕೈಕೊಟ್ಟರೆ ಹಿಟ್ಟು ಹಸಿಹಸಿಯಾಗಿ ಗಂಟು ಕಟ್ಟಿ ದನಕ್ಕೇ ಗತಿ. ನರೇಶನ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು.

“ಪೆರುಮಾಳೂ, ಪುಲ್ಲ ತಾರಪ್ಪೋ, ಬಿರ್ನ!”

ತೆಲುಗು ಮನೆಮಾತಿನ ಅಮ್ಮಾಜಮ್ಮನಿಗೆ ಪುಲ್ಲ ಎಂದರೆ ಕಡ್ಡಿ. ತಮಿಳಿನ ಪೆರುಮಾಳನಿಗೆ ಪುಲ್ಲು ಎಂದರೆ ಹುಲ್ಲು. ಬೆಳಗಿನಿಂದ ಅವನ ತಲೆಯಲ್ಲಿ ಬೇರೇನೂ ಇರಲೂ ಇಲ್ಲ. ತಾನು ಮಾಡಿದ ಒಲೆಯ ಮಾನ ಹೋಗುತ್ತದಲ್ಲಾ ಎಂದು ಓಡಿದವನು, ಎರಡು ಆನೆಗೆ ಸಾಲುವಷ್ಟು ಒಣಹುಲ್ಲು ತಬ್ಬಿಕೊಂಡು ಬಂದು ಕೆಡವಿದ.

“ಪೋದುಮಾ ಅಕ್ಕಾ? ಸಾಕಾ?”

“ಅಯ್ಯೋ ನಿನ್ ಮಕಕ್ಕಿಷ್ಟು! ಒಲೆ ಏನು ನಿನ್ ಅಸುನಾ, ಮೇಯಕ್ಕೆ?”

ಕೊಯ್ಲಿನವರೆಲ್ಲ ಕುಡುಗೋಲು ಬಿಟ್ಟು ನಕ್ಕರು. ಹುಲ್ಲೆಂದರೆ ಭಗ್ಗೆಂದು ಹತ್ತಿ ಅಷ್ಟೇ ಬೇಗ ಆರುವ ಪದಾರ್ಥ. ಅದರಲ್ಲಿ ಮುದ್ದೆ ಬೇಯುವುದುಂಟೆ?

ಆಯಮ್ಮ ಬೈಯುತ್ತಲೇ ಒಂದು ಹಿಡಿ ಹುಲ್ಲೆತ್ತಿ, ಚಾಚಿದ ಕಾಲಿನ ಬೆರಳಿಗೆ ತುದಿ ಸಿಕ್ಕಿಸಿ, ಮದುಮಗಳ ಜಡೆಯಂತೆ ಹೊಸೆದಳು. ಬಿಗಿಯೆಂದರೆ ಬಿಗಿ, ಅದನ್ನು ಹಿಡಿದು ಬಾವಿಗೆ ಇಳಿಯಬಹುದಿತ್ತು. ಹೆಬ್ಬೆರಳ ದಪ್ಪ, ಒಲೆಯ ಬಾಯಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಒಳಗಿಟ್ಟರೆ ಭಗ್ಗೆನ್ನಲಿಲ್ಲ. ಹುಣಸೆ ಕಡ್ಡಿಯ ಹಾಗೆ ಮೆಲ್ಲಗೆ, ನಿಯತ್ತಾಗಿ ಉರಿಯಿತು. ಕಾಲು ಹಿಡಿಯುತ್ತದೆ, ಎಡಗೈ ಹೊಸೆಯುತ್ತದೆ, ಬಲಗೈ ಹಿಟ್ಟಿಗೆ ಕೋಲು ಹಾಕುತ್ತದೆ, ಕಿವಿ ಕುದಿಯ ಸದ್ದಿನ ಮೇಲಿದೆ. ಅಷ್ಟು ಕೆಲಸ ಒಟ್ಟಿಗೆ ಮಾಡುವ ದೇವರನ್ನು ನಾನು ಕ್ಯಾಲೆಂಡರಿನಲ್ಲೂ ನೋಡಿಲ್ಲ. ನಗು ನಿಂತುಹೋಯಿತು. ಗಾಳಿಯೂ ನಿಂತು ನೋಡಿತು ಎನ್ನುತ್ತಿದ್ದೆ, ಆದರೆ ಅದು ಪೆರುಮಾಳನ ಟವೆಲ್ ಹಾರಿಸಿಕೊಂಡು ಹೋಗುತ್ತಿತ್ತು.

ಒಂದಕ್ಕೆ ಎರಡು ನಿಮಿಷವಿರುವಾಗ ಮೊದಲ ಮುದ್ದೆ ನರೇಶನ ಎಲೆಗೇ ಬಿತ್ತು. ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಾದಷ್ಟು ಹೊಳಪು, ಗಂಟಿನ ಸುಳಿವಿಲ್ಲ. ಅವನು ಎರಡು ಉಂಡ. ಮೂರನೆಯದಕ್ಕೆ ಎಲೆ ಮುಂದೆ ಸರಿಸಿದ.

ಮಾರನೆಯ ಬೆಳಿಗ್ಗೆ ವ್ಯಾನು ಬರಲಿಲ್ಲ. ನರೇಶನ ಬೈಕು ಬಂತು.

“ಪುಲ್ಲ ತಂದಿವ್ನಿ ಅಮ್ಮಾಜಮ್ಮಾ.”

“ಯಾವ ಪುಲ್ಲಪ್ಪಾ?”

ಅವನು ಎರಡನ್ನೂ ತಂದಿದ್ದ.