ನಾಗವೇಣಿಯ ಹತ್ತೊಂಬತ್ತು ಗಂಟೆ

ಹೋದ ವಾರ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಬೋಂಡಾ ಕಟ್ಟಿಸಿಕೊಂಡು ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದೆ. ಎದುರು ಕಟ್ಟಡದ ಮೇಲೆ ಹೊಸ ಬೋರ್ಡು ಬಂದಿತ್ತು. ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಚಿನ್ನದ ಪಟ್ಟಿ ಹೊತ್ತು ನಗುತ್ತಿರುವ ಹುಡುಗಿ. ಪೈಲಟ್ ಆಗುವ ಆಸೆಯೇ, ಇಂದೇ ಕರೆ ಮಾಡಿ ಎಂದು ಬರೆದಿತ್ತು. ಶಾಲೆಯ ಹೆಸರು ಹೊಸದು, ಆದರೆ ಕೆಳಗಿನ ಫೋನ್ ನಂಬರು ಹಳೆಯದೇ. ನಾನೂ ನಾಗವೇಣಿಯೂ ಒಂದು ಕಾಲದಲ್ಲಿ ಸರದಿಯ ಮೇಲೆ ಒತ್ತಿ ಒತ್ತಿ ಬಾಯಿಪಾಠವಾಗಿದ್ದ ನಂಬರು ಅದು. ನನಗೆ ಸಿಟ್ಟು ಬರುವುದು ನಿಧಾನ. ಬಂದರೆ ಹೋಗುವುದು ಇನ್ನೂ ನಿಧಾನ. ಅದಕ್ಕೇ ನೀವು ಸ್ವಲ್ಪ ಹೊತ್ತು ಕೂತು ಕೇಳಬೇಕು.

ನಾಗವೇಣಿ ಕ್ಯಾಸಂಬಳ್ಳಿ ಕಡೆಯವಳು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ಗುಮಾಸ್ತೆ, ಅವಳು ಗುತ್ತಿಗೆಯ ಮೇಲೆ ಕ್ರೇನ್ ಆಪರೇಟರ್. ಶೆಡ್ಡಿನ ಸೂರಿಗೆ ತಾಗಿದಂತೆ ಹಳಿಗಳ ಮೇಲೆ ಓಡಾಡುವ ಕ್ರೇನಿನ ಗೂಡಿನಲ್ಲಿ ದಿನಕ್ಕೆ ಎಂಟು ಗಂಟೆ ಕೂತು, ಟನ್ನುಗಟ್ಟಲೆ ಕಬ್ಬಿಣವನ್ನು ಹಸುಗೂಸು ಮಲಗಿಸಿದ ಹಾಗೆ ಕೆಳಗಿಳಿಸುತ್ತಿದ್ದಳು. ಉಪ್ಪಿನಕಾಯಿ ಜಾಡಿಗೆಂದು ಸ್ಟೂಲು ಹತ್ತಿದರೂ ಗೋಡೆ ತಬ್ಬಿಕೊಳ್ಳುವವಳು ನಾನು. ನಮ್ಮನ್ನು ಕೂಡಿಸಿದ್ದು ಊಟದ ಡಬ್ಬಿ. ಅವಳ ಉಪ್ಸಾರು ನನಗೆ, ನನ್ನ ಚಪಾತಿ ಅವಳಿಗೆ.

ಹಾಗೆ ಉಣ್ಣುವಾಗಲೇ ಒಂದು ದಿನ ಹೇಳಿದಳು. "ಇಮಾನ ಓಡ್ಸೋದು ಕಲೀತೀನಿ ಕಣೆ. ಕೆಲ್ಸಕ್ಕಲ್ಲ, ನಂಗೋಸ್ಕರ. ನಲವತ್ತು ಗಂಟೆ ಆರ್ಸಿ, ಪರೀಕ್ಷೆ ಪಾಸಾದ್ರೆ ಲೈಸೆನ್ಸ್ ಕೊಡ್ತಾರಂತೆ."

"ನಿನಗ್ಯಾಕೆ ಅದು?" ಅಂದೆ.

"ಮ್ಯಾಲೆ ಕೂತಿರ್ತೀನಲ್ಲ. ಸೂರು ಅಡ್ಡ ಬತ್ತದೆ."

ಒಂದು ಗಂಟೆ ಹಾರಿಸಲು ಅವಳ ಅರ್ಧ ತಿಂಗಳ ಸಂಬಳ ಬೇಕಿತ್ತು. ಒಂಬತ್ತು ವರ್ಷದ ಓವರ್‌ಟೈಮನ್ನು ಅವಳು ಇದಕ್ಕೇ ಎತ್ತಿಟ್ಟಿದ್ದಳಂತೆ, ನನಗೇ ಗೊತ್ತಿರಲಿಲ್ಲ. ಸುದ್ದಿ ತಿಳಿದವರೆಲ್ಲ ಕೇಳಿದ್ದು ಒಂದೇ ಮಾತು: ಯಾಕೆ? ಇದೇ ಊರಿನಲ್ಲಿ ತಲೆತಲಾಂತರದಿಂದ ಜನ ಚಿನ್ನದ ಗಣಿಯ ಪಾತಾಳಕ್ಕೆ ಇಳಿದರು. ಅವರನ್ನು ಯಾರೂ ಯಾಕೆ ಅಂತ ಕೇಳಲಿಲ್ಲ. ಬಡವರು ಕೆಳಗಿಳಿಯುವುದಕ್ಕೆ ಕಾರಣ ಬೇಡ, ಮೇಲೇರುವುದಕ್ಕೆ ಮಾತ್ರ ಬೇಕು. ಅವಳ ತಾಯಿಯೊಬ್ಬರೇ ಬೇರೆ ಪ್ರಶ್ನೆ ಕೇಳಿದವರು. "ಅದ್ರಾಗೆ ಊಟ ಗೀಟ ತಕೊಂಡೋಗಾಕೆ ಬಿಡ್ತಾರೇನೇ?"

ಶನಿವಾರ ಶನಿವಾರ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ವಿಮಾನ ಕಲಿಸುವ ಶಾಲೆ ಸೇರುತ್ತಿದ್ದಳು. ನಲವತ್ತು ಗಂಟೆಯ ದುಡ್ಡನ್ನೂ ಮುಂಗಡವಾಗಿ ಕಟ್ಟಿಸಿಕೊಂಡಿದ್ದರು. ರೈಲಿನಲ್ಲಿ ಇಸ್ಪೀಟಾಡುವವರ ನಡುವೆ ಕೂತು ಹವಾಮಾನದ ಪುಸ್ತಕ ಓದುವಳು. ರೇಡಿಯೋದಲ್ಲಿ ಮಾತಾಡುವ ಇಂಗ್ಲಿಷನ್ನು ನನ್ನ ಮೇಲೆ ಪ್ರಯೋಗ ಮಾಡುವಳು. ಕ್ಯಾಂಟೀನಿನಲ್ಲಿ ನಾನು ಕಂಟ್ರೋಲ್ ಟವರ್. ಇಳಿಯಲು ಅಪ್ಪಣೆ ಕೊಡುವುದು ಮರೆತು ಅನ್ನ ಕಲಸುತ್ತಿದ್ದೆ.

ಶಾಲೆಯವರ ಲೆಕ್ಕ ವಿಚಿತ್ರ. ಎಂಜಿನ್ ಶುರುವಾದ ಕ್ಷಣದಿಂದ ಮೀಟರು ಓಡುತ್ತದೆ. ದೊಡ್ಡವರ ವಿಮಾನ ಮುಂದೆ ಹೋಗಲೆಂದು ಇವಳ ಪುಟ್ಟ ವಿಮಾನವನ್ನು ರನ್‌ವೇ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ, ನಿಂತದ್ದಕ್ಕೂ ಇವಳೇ ತೆರಬೇಕು. "ಇವತ್ತು ಐದು ದಿನದ ಸಂಬ್ಳ ನೆಲದ ಮ್ಯಾಲೇ ಉರ್ದೋಯ್ತು" ಎಂದು ಬಂದು ಹೇಳುವಳು. ನಗುತ್ತಲೇ ಹೇಳುತ್ತಿದ್ದಳು ಆಗ.

ಹದಿನೆಂಟೂ ಮುಕ್ಕಾಲು ಗಂಟೆ ಮುಗಿದಾಗ ಒಬ್ಬಳೇ ಹಾರಿಸುವ ದಿನ ಬಂತು. ನನ್ನನ್ನೂ ಕರೆದೊಯ್ದಳು. ಕಲಿಸುವ ಮೇಷ್ಟ್ರು ಇಳಿದು ಬಾಗಿಲು ಹಾಕಿ, ಹೋಗು ಎಂದು ಕೈ ಆಡಿಸಿದರು. ನಾನು ತಂತಿ ಬೇಲಿ ಹಿಡಿದು ನಿಂತಿದ್ದೆ. ವಿಮಾನ ಎದ್ದಿತು, ಎಡಕ್ಕೆ ವಾಲಿತು, ಬಿಸಿಲಲ್ಲಿ ಒಂದು ಸುತ್ತು ಹಾಕಿತು, ಬಂದು ಇಳಿಯಿತು. ಎಲ್ಲ ಸೇರಿ ಏಳೆಂಟು ನಿಮಿಷ. ನನ್ನ ಅಂಗೈಯಲ್ಲಿ ತಂತಿಯ ಗುರುತು ಬಿದ್ದಿತ್ತು. ಅವಳು ಕೆಳಗಿಳಿದು ನೀರು ಕುಡಿದಳು. ಬಾಯಿ ಒರೆಸಿಕೊಂಡು, "ಮೇಷ್ಟ್ರು ಇಳಿದ್ಮೇಲೆ ಎಷ್ಟು ಅಗುರ ಆಯ್ತು ಗೊತ್ತಾ. ಪಕ್ಕದ ಸೀಟು ಖಾಲಿ ಇತ್ತು. ಅದ್ನೇ ಒಂದ್ಸಲ ಮುಟ್ಟಿ ನೋಡ್ದೆ" ಅಂದಳು.

ಅದರ ಮುಂದಿನ ವಾರ ವಿಮಾನ ರಿಪೇರಿಗೆ ಹೋಯಿತು. ಬಿಡಿಭಾಗ ಬರಬೇಕು, ಮುಂದಿನ ವಾರ ಬನ್ನಿ ಎಂದರು. ಆ ಮುಂದಿನ ವಾರ ಎಂಟು ತಿಂಗಳಾದರೂ ಬರಲಿಲ್ಲ. ಫೋನು ಎತ್ತುವವರಿಲ್ಲವೆಂದು ರೈಲು ಹತ್ತಿ ಹೋಗುವಳು, ವಾಪಸು ಬರುವಳು. ಅಲ್ಲಿ ಇನ್ನೊಂದು ವಿಮಾನ ಚೆನ್ನಾಗಿಯೇ ಹಾರುತ್ತಿತ್ತು.

ಕೊನೆಗೊಂದು ಶನಿವಾರ ನಾನೂ ಜೊತೆಗೆ ಹೋದೆ. ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ಆ ವಿಮಾನ ಕೆಲಸಕ್ಕೆ ಸೇರೋ ಸ್ಟೂಡೆಂಟ್ಸ್‌ಗೆ. ನಿಮ್ಮದು ಹವ್ಯಾಸ ತಾನೆ? ಮತ್ತೆ ಇಷ್ಟು ದಿನ ಗ್ಯಾಪ್ ಆಗಿದೆ, ಮೇಷ್ಟ್ರ ಜೊತೆ ಐದು ಗಂಟೆ ಮೊದಲಿಂದ ಮಾಡಬೇಕು. ಹೊಸ ರೇಟು."

"ಗ್ಯಾಪ್ ಮಾಡಿದ್ದು ನೀವು" ಅಂದಳು ನಾಗವೇಣಿ. "ಆರದೇ ಇರೋ ಗಂಟೆ ದುಡ್ಡು ವಾಪಸ್ ಕೊಡಿ. ನನ್ನ ಲಾಗ್‌ಬುಕ್ಕಿಗೆ ಸೈನ್ ಆಕಿ ಕೊಡಿ."

ಹಾರಿದ ಗಂಟೆಗಳನ್ನು ಬರೆದಿಡುವ ಪುಸ್ತಕ ಅದು. ಶಾಲೆಯ ಸಹಿಯಿಲ್ಲದಿದ್ದರೆ ಹಾರಿದ್ದೂ ಹಾರಿದಂತಲ್ಲ. ಮ್ಯಾನೇಜರು ಬಾಗಿಲ ಕಡೆ ತೋರಿಸಿ, "ಸೀನ್ ಮಾಡಬೇಡಿ. ಕ್ರೇನ್ ಓಡಿಸೋರಿಗೆ ಇದೆಲ್ಲ ಯಾಕೆ ಬೇಕಿತ್ತು" ಅಂದ.

ಕೋಣೆಯಲ್ಲಿ ಇಸ್ತ್ರಿ ಅಂಗಿಯ ಹುಡುಗರೂ ಅವರ ಅಪ್ಪಂದಿರೂ ನಮ್ಮನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ಅವನ ಮಾತಿಗಲ್ಲ, ನಮ್ಮ ಚಪ್ಪಲಿಗೆ, ನಮ್ಮ ಪ್ಲಾಸ್ಟಿಕ್ ಕವರಿಗೆ. ಅವಳ ತೋಳು ಹಿಡಿದು, "ಬಾರೇ ಹೋಗೋಣ, ರೈಲು ತಪ್ಪುತ್ತೆ" ಎಂದು ಎಳೆದುಕೊಂಡು ಹೊರಬಂದೆ.

ರೈಲು ಬಂಗಾರಪೇಟೆಗೆ ಬಂತು. ಇಳಿಯುವಾಗ, "ಅವನಂದಿದ್ದು ಬಿಡು, ಅವ್ನು ಅಂಗೇ ಅನ್ನೋನು. ನೀನು ಎಳ್ಕೊಂಡ್ಬರಬಾರದಿತ್ತು" ಅಂದಳು.

ಸೋಮವಾರ ರಜೆ ಹಾಕಿ ಒಬ್ಬಳೇ ಮತ್ತೆ ಹೋದಳು. ಮೂರು ದಿನ, ಬೆಳಗಿನಿಂದ ಸಂಜೆವರೆಗೆ ಆ ಆಫೀಸಿನ ಬೆಂಚಿನ ಮೇಲೆ ಕೂತಿದ್ದಳಂತೆ. ಮೂರನೆಯ ದಿನ ಮೇಷ್ಟ್ರೇ ತಲೆತಗ್ಗಿಸಿ ಬಂದು ಲಾಗ್‌ಬುಕ್ಕಿಗೆ ಸಹಿ ಹಾಕಿಕೊಟ್ಟರು. ಹತ್ತೊಂಬತ್ತು ಗಂಟೆ. ದುಡ್ಡು ಮಾತ್ರ ಬರಲಿಲ್ಲ. ಕೋಲಾರದಲ್ಲಿ ಗ್ರಾಹಕರ ದೂರು ಹಾಕುತ್ತೇನೆ, ಸಾಕ್ಷಿ ಹೇಳುತ್ತೀಯಾ ಎಂದು ನನ್ನನ್ನು ಕೇಳಿದಳು. ಕೋರ್ಟು ಕಚೇರಿ ನಮಗ್ಯಾಕೆ ಅಂದೆ. ಇನ್ನೊಮ್ಮೆ ಅವಳು ಕೇಳಲಿಲ್ಲ, ಒಬ್ಬಳೇ ಹೋಗಿ ದೂರು ಹಾಕಿದಳು. ಊಟದ ಹೊತ್ತಿಗೆ ಅವಳು ಕ್ರೇನಿನಿಂದ ಇಳಿಯುವುದನ್ನೂ ನಿಲ್ಲಿಸಿದಳು. ಒಂದು ವರ್ಷ ನಾನು ನನ್ನ ಚಪಾತಿಯನ್ನು ನಾನೇ ತಿಂದೆ.

ಆ ಬೋರ್ಡು ನೋಡಿದ ಸಂಜೆ ಮನೆಗೆ ಹೋಗಲಿಲ್ಲ. ಶಿಫ್ಟು ಬಿಡುವ ಹೊತ್ತಿಗೆ ಕಾರ್ಖಾನೆ ಗೇಟಿನಲ್ಲಿ ನಾಗವೇಣಿಯನ್ನು ತಡೆದು, "ಬರ್ತೀನಿ ಕಣೆ ಸಾಕ್ಷಿಗೆ" ಅಂದೆ. ಅವಳು ನನ್ನ ಮುಖ ನೋಡಿ, "ಮಂಗಳವಾರ" ಎಂದಷ್ಟೇ ಹೇಳಿ ಆಟೋ ಹತ್ತಿದಳು.

ಮೊನ್ನೆ ಮಂಗಳವಾರ ಕೋಲಾರದಲ್ಲಿ ವಕೀಲರ ಟೈಪಿಸ್ಟ್ ಮುಂದೆ ಇಬ್ಬರೂ ಕೂತಿದ್ದೆವು. ಮ್ಯಾನೇಜರ ಮಾತನ್ನೆಲ್ಲ ಹೇಳಿದೆ. ಅನಂತರ, ದೂರುದಾರಳು ತಾನಾಗಿ ಹೊರಟವಳಲ್ಲ, ನಾನೇ ನಾಚಿಕೆಯಿಂದ ಎಳೆದುಕೊಂಡು ಬಂದೆ ಎಂದೂ ಬರೆಸಿದೆ. ಟೈಪಿಸ್ಟ್ ಕೈ ನಿಲ್ಲಿಸಿ, "ನಾಚಿಕೆ ಅನ್ನೋದು ಬೇಕಾ ಮೇಡಂ?" ಎಂದು ಕೇಳಿದ.

ನಾನು ಉತ್ತರಿಸುವ ಮೊದಲೇ ನಾಗವೇಣಿ, "ಇರ್ಲಿ, ಆಕಿ" ಅಂದಳು.

ಹಾಳೆ ಬಂತು. ಓದಿ ಸಹಿ ಹಾಕಿದೆ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು ಹೇಳಿದಳು: "ನಂಗೆ ನಿನ್ ಮ್ಯಾಲೆ ಕ್ವಾಪ ಇನ್ನೂ ಓಗಿಲ್ಲ."

"ಗೊತ್ತು" ಅಂದೆ.

"ನಡಿ ಮತ್ತೆ. ಬಸ್ಸು ಓಯ್ತದೆ."