ಟಿಕೆಟ್ಟಿನಲ್ಲಿದ್ದ ಒಂಬತ್ತೂವರೆ

ಹೋದ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು ಚಿಕ್ಕೋಡಿಯಲ್ಲಿ ಒಂದು ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಯಾರೋ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ಆ ವಾಸನೆಗೆ ಚಾಚಾ ನೆನಪಾದರು. ನಿಪ್ಪಾಣಿಯಲ್ಲಿ ನನ್ನ ಕಂಪ್ಯೂಟರ್ ಅಂಗಡಿಯ ಪಕ್ಕದಲ್ಲೇ ಅವರು ಹೊಲಿಗೆ ಹಾಕುತ್ತಿದ್ದರು.

ಅವರ ತಮ್ಮ ರಿಯಾದ್‌ನಲ್ಲಿ ಎ.ಸಿ. ರಿಪೇರಿ ಮಾಡುತ್ತಿದ್ದ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ಅವನು ಆರಕ್ಕೆ ಬಿಡುವು ಎಂದರೆ, ನಾನು ಎರಡೂವರೆ ಕೂಡಿಸಿ ಎಂಟೂವರೆಗೆ ಫೋನ್ ಮಾಡಿ ಎಂದು ಚಾಚಾಗೆ ಹೇಳುತ್ತಿದ್ದೆ. ಕೂಡಿಸಿ ಕೂಡಿಸಿ ಅದು ರೂಢಿಯಾಗಿತ್ತು... ಅಲ್ಲಿಂದ ಮುಂಬೈಗೆ ವಿಮಾನದಲ್ಲಿ ನಾಲ್ಕೇ ತಾಸು ಎಂದು ಒಮ್ಮೆ ತೋರಿಸಿದಾಗ ಅವರು ನಕ್ಕರು.

“ನಾಕ ತಾಸ? ನಮ್ಮ ಬಸ್ಸು ಅಥಣಿಗೆ ಹೋಗಿ ಬರೂದ್ರಾಗ ನನ್ನ ತಮ್ಮ ಸಮುದ್ರ ದಾಟತಾನ ಅನ್ರಿ ಕಂಪ್ಯೂಟರ್ ಸಾಹೇಬ್ರ!”

ಒಂದು ಮಧ್ಯಾಹ್ನ ಅವರ ತಾಯಿ ತೀರಿಕೊಂಡರು. ತಮ್ಮನು ಟಿಕೆಟ್ಟಿನ ಫೋಟೋವನ್ನು ಅಣ್ಣನಿಗೆ ಕಳಿಸಿ ವಿಮಾನ ಹತ್ತಿದ. ಮರುದಿನ ಬೆಳಿಗ್ಗೆ ಎಂಟಕ್ಕೆ ಚಾಚಾ, ಮಸೀದಿಯ ಮೌಲಾನಾ ಜೊತೆ ನನ್ನ ಅಂಗಡಿಗೆ ಬಂದರು.

“ಯಾವಾಗ ಮುಟ್ಟತಾನ ನೋಡಪಾ. ಹೊತ್ತು ಮುಳುಗೂದ್ರಾಗ ಬರತಾನಂದ್ರ ಕಾಯತೇವಿ. ಅಮ್ಮಿ ಮಾರಿ ಒಮ್ಮೆ ನೋಡ್ಲಿ. ಅದಕ್ಕೂ ಹೆಚ್ಚು ಇಡಾಕ ಬರೂದಿಲ್ಲ.”

ಟಿಕೆಟ್ಟಿನಲ್ಲಿ ಮುಂಬೈ ಒಂಬತ್ತೂವರೆ ಎಂದಿತ್ತು. ನಾನು ಎರಡೂವರೆ ಕೂಡಿಸಿದೆ. ಹನ್ನೆರಡಾಯಿತು. ರಸ್ತೆಯ ಎಂಟು ತಾಸು ಸೇರಿಸಿ, ರಾತ್ರಿ ಎಂಟು ಎಂದೆ. ಇಳಿಯುವ ವೇಳೆಯನ್ನು ಇಳಿಯುವ ಊರಿನ ಗಡಿಯಾರದಂತೆಯೇ ಬರೆದಿರುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ...

ಮುಂಬೈಯಲ್ಲಿ ಅವನ ಸೌದಿ ಸಿಮ್ ನಡೆಯಲಿಲ್ಲ. ಗಾಡಿಯವನ ಫೋನಿನಿಂದ ಕರೆ ಮಾಡಿದ್ದನಂತೆ. ಸಾವಿನ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೊತ್ತು ಮುಳುಗುವ ಮೊದಲಿನ ಅಸರ್ ನಮಾಜಿನ ನಂತರ ದಫನ್ ಮುಗಿಯಿತು. ನಾವು ಕೈಯ ಮಣ್ಣು ಕೊಡವುತ್ತಿದ್ದಾಗ, ಐದೂಮುಕ್ಕಾಲಿಗೆ, ಖಬರಸ್ತಾನದ ಗೇಟಿಗೆ ಗಾಡಿ ಬಂದು ನಿಂತಿತು. ತಮ್ಮ ಓಡಿ ಬಂದು ಮಣ್ಣಿನ ಪಕ್ಕ ಕುಸಿದು ಕುಳಿತ.

“ಅರ್ಧಾ ತಾಸ ತಡೀಲಿಕ್ಕಾಗಲಿಲ್ಲೇನ ಭಾಯಿ? ನಾ ಬರೂದಿಲ್ಲಂತ ಯಾರ ಹೇಳಿದ್ರ ನಿನಗ?”

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಚಾಚಾ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು.

“ಯಾರೂ ಹೇಳಿಲ್ಲೋ. ನಾನ ಅವಸರ ಮಾಡಿದೆ.”

ನಾಲ್ಕನೆಯ ದಿನ ತಮ್ಮ ಮರಳಿ ಹೋದ. ಅಣ್ಣನಿಗೆ ಮತ್ತೆಂದೂ ಫೋನ್ ಮಾಡಲಿಲ್ಲ. ನಾನೇ ಅವನಿಗೆ ನಿಜ ತಿಳಿಸುತ್ತೇನೆ ಎಂದು ಚಾಚಾ ಮುಂದೆ ಒಮ್ಮೆ ಅಂದೆ.

“ಹೇಳಿ ಏನ ಮಾಡ್ತಿ? ಅವಂಗ ಸಿಟ್ಟ ಮಾಡಾಕ ಒಬ್ರು ಬೇಕು. ನಾ ಮನ್ಯಾಂವ, ತಡಕೋತೇನಿ. ನಿನ್ನ ಮಾತ ನಂಬಿ ಊರ ಮಂದಿ ಬರತೈತಿ, ನೀ ಅಂಗಡಿ ನಡಸಬೇಕು,” ಎಂದು ಅವರು ಬಟ್ಟೆಯತ್ತ ಬಗ್ಗಿದರು. ನನಗೆ ಬೇಕಾಗಿದ್ದೂ ಆ ಮಾತೇ. ನನ್ನ ಅಂಗಡಿಗೆ ಮರಳಿದೆ... ಆಮೇಲೆ ರಿಯಾದ್‌ನಲ್ಲಿ ಈಗ ಎಷ್ಟು ಗಂಟೆ ಎಂದು ಅವರು ಕೇಳಲೇ ಇಲ್ಲ.

ಚಾಚಾ ತೀರಿಕೊಂಡು ಎರಡು ವರ್ಷವಾಯಿತು. ತಮ್ಮ ಬರಲಿಲ್ಲ. ಅವನ ನಂಬರು ನನ್ನ ಹತ್ತಿರ ಇದೆ. ಶುಕ್ರವಾರ ಆ ಮೆಟ್ಟಿಲ ಮೇಲೆಯೇ ಅದನ್ನು ತೆಗೆದು ನೋಡಿದೆ. ಕರೆ ಮಾಡಲಿಲ್ಲ.

ಖಬರಸ್ತಾನದಲ್ಲಿ ಚಾಚಾ ನನ್ನತ್ತ ನೋಡಿದ್ದನ್ನು ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು: ಅಂದು ಬೆಳಿಗ್ಗೆ ನನ್ನ ಲೆಕ್ಕ ಕೇಳಿದ್ದ, ಈಗ ಮಿರಜದಲ್ಲಿ ಮಗಳ ಮನೆಯಲ್ಲಿರುವ ಮೌಲಾನಾ, ಮತ್ತು ನಾನು. ತಮ್ಮ ಆಗ ಮಣ್ಣು ನೋಡುತ್ತಿದ್ದ.