ರೆಕಾರ್ಡಿನೊಳಗಿನ ‘ಭಲೇ’

ಕಳೆದ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮಿಲ್ಪಿಟಾಸಿನ ಒಂದು ಗ್ಯಾರೇಜಿನಲ್ಲಿ ಹಳೆಯ ಸಾಮಾನು ಮಾರುತ್ತಿದ್ದರು. ರೆಕಾರ್ಡುಗಳ ಪೆಟ್ಟಿಗೆಗೆ ಕೈಹಾಕಿದ್ದೇ ತಡ, ಮುಗ್ಗಲು ಹಿಡಿದ ರಟ್ಟಿನ ವಾಸನೆ ಬಂತು. ಅದರ ಹಿಂದೆಯೇ ಕುಲಕರ್ಣಿ ಅಂಕಲ್ ನೆನಪಾದರು.

ಧಾರವಾಡದವರು. ಯೂನಿಯನ್ ಸಿಟಿಯಲ್ಲಿ ನಾವಿದ್ದಾಗ ಪಕ್ಕದ ಮನೆ. ಅವರ ಬಳಿ ಒಂದು ಜಾಝ್ ರೆಕಾರ್ಡಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಸಣ್ಣ ಕ್ಲಬ್ಬೊಂದರಲ್ಲಿ ಜನರೆದುರು ನುಡಿಸಿದ್ದನ್ನೇ ಮುದ್ರಿಸಿದ್ದು. ಗ್ಲಾಸಿನ ಸದ್ದು, ಕೆಮ್ಮು ಎಲ್ಲ ಅದರಲ್ಲಿದೆ. ಎರಡನೆಯ ಬದಿಯಲ್ಲಿ ಸ್ಯಾಕ್ಸೋಫೋನು ಮೆಲ್ಲಗೆ ಇಳಿದು ನಿಂತಾಗ, ಜನರ ನಡುವಿನಿಂದ ‘ಭಲೇ’ ಎಂದು ಒಂದು ದನಿ ಕೇಳುತ್ತದೆ. ನುಡಿಸುವವನು ಕ್ಷಣ ತಡೆದು ಅದೇ ಸಾಲನ್ನು ಮತ್ತೆ ನುಡಿಸುತ್ತಾನೆ.

“ಅದು ನನ್ನ ದನಿ ನೋಡು ತಮ್ಮಾ,” ಎನ್ನುತ್ತಿದ್ದರು ಅಂಕಲ್. ಬಂದವರೆಲ್ಲ ಬೆರಗಾಗುತ್ತಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಅವಲಕ್ಕಿ ಚೂಡಾ ತಂದಿಟ್ಟು ಒಳಗೆ ಹೋಗುತ್ತಿದ್ದರು.

ನಾನು ನಂಬಲಿಲ್ಲ. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು. ಆ ಚಟ ಆಫೀಸಿನಲ್ಲೇ ಉಳಿಯುವುದಿಲ್ಲ. ಅಂಕಲ್ ಒಮ್ಮೆ ವೇದಿಕೆಯ ಪಕ್ಕ ಕೂತಿದ್ದೆ ಎಂದಿದ್ದರು, ಇನ್ನೊಮ್ಮೆ ಬಾಗಿಲ ಹತ್ತಿರ. ನೀವಾದರೂ ನಂಬುತ್ತಿದ್ದಿರಾ? ಒಂದು ಸಂಜೆ ನಾಲ್ಕು ಜನರೆದುರು, ಆ ಸಾಲನ್ನು ಸ್ವಲ್ಪ ಗುನುಗಿ ತೋರಿಸಿ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು ಕ್ರಿಕೆಟ್ಟಿನ ಮಾತಿಗೆ ಹೊರಳಿದರು. ಗೆದ್ದೆ ಎಂದುಕೊಂಡು ನೀರಿಗೆಂದು ಅಡುಗೆಮನೆಗೆ ಹೋದರೆ, ಕಾಕು ಅದೇ ಸಾಲನ್ನು ಗುನುಗುತ್ತಿದ್ದರು. ಒಂದು ಸ್ವರವೂ ತಪ್ಪಿರಲಿಲ್ಲ.

ನೀವೂ ಅವತ್ತು ಹೋಗಿದ್ದಿರಾ ಎಂದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಒಳಗ ನಾ ಒಬ್ಬಾಕಿನ ಇದ್ದೆ. ಅವರು ಗಾಡಿ ನಿಲ್ಲಸಲಿಕ್ಕೆ ಜಾಗಾ ಹುಡುಕ್ಕೋತ ಹೋಗಿದ್ರು. ಬರೋದ್ರಾಗ ಆ ಹಾಡು ಮುಗದಿತ್ತು.”

ಮದುವೆಗೆ ಮುಂಚೆ ಕಾಕು ಎಂಟು ವರ್ಷ ಹಾಡು ಕಲಿತಿದ್ದರಂತೆ. ಊರಿನ ಸಂಗೀತದ ಬೈಠಕ್ಕಿನಲ್ಲಿ ಕೂತಂತೆ ಬಾಯಿ ತಪ್ಪಿ ‘ಭಲೇ’ ಬಂದಿತ್ತು. ಎಲ್ಲರೂ ತಿರುಗಿ ನೋಡಿದರು. ನುಡಿಸುವವನೂ ನೋಡಿದ, ಅವರಿಗಾಗಿಯೇ ಮತ್ತೆ ನುಡಿಸಿದ. ರೆಕಾರ್ಡು ಬಂದಾಗ ಅಂಕಲ್ ತಮಾಷೆಗೆ ತನ್ನ ದನಿ ಎಂದರು. ಕಾಕು ನಾಚಿ ಸುಮ್ಮನಾದರು. ಆಮೇಲೆ ಅದೇ ನಿಜವಾಯಿತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

“ಯಾರೂ ನನ್ನ ಕೇಳಲೇ ಇಲ್ಲಲ್ಲೋ.”

ಮುಂದಿನ ಸಲ ರೆಕಾರ್ಡು ಕೇಳಿದಾಗ ಅದು ಹೆಂಗಸಿನ ದನಿಯೆಂಬುದು ಸ್ಪಷ್ಟವಾಗಿತ್ತು. ಅಲ್ಲಿಯವರೆಗೆ ಅದು ಅಂಕಲ್ ಹೌದೋ ಅಲ್ಲವೋ ಎಂದಷ್ಟೇ ನಾನು ಕಿವಿಗೊಟ್ಟಿದ್ದೆ.

ಶನಿವಾರ ಬರಿಗೈಯಲ್ಲಿ ಮನೆಗೆ ಬಂದೆ. ಹೆಂಡತಿ ಟೀ ಸೋಸುತ್ತಿದ್ದಳು. ನಾನು ಊರವರಿಗೆಲ್ಲ ಹೇಳಿಕೊಂಡು ತಿರುಗುವ ಕಥೆಗಳಲ್ಲಿ ನಿನ್ನವು ಎಷ್ಟಿವೆ ಎಂದು ಕೇಳಿದೆ. ಅವಳು ಸೋಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಟೈಮ್ ಇದ್ಯಾ?” ಎಂದಳು. “ಇದ್ರೆ ಕೂತ್ಕೊಳ್ಳಿ.”

ಕೂತೆ.